ಭೋಂಗಾ ಕೂಗದ ಏಳು ನಿಮಿಷ

ಆ ಏಳು ನಿಮಿಷದ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಗೊತ್ತಿಲ್ಲ. ಸರಕಾರದಿಂದ ಬಂದ ಇನ್ಸ್‌ಪೆಕ್ಟರಿಗೆ ಹೇಳಿದೆ, ಕಂಪನಿಯ ವಿಚಾರಣಾ ಸಮಿತಿಗೆ ಹೇಳಿದೆ, ಮನೆಯಲ್ಲಿ ಹೇಳಿದೆ, ಕೇಳದಿದ್ದವರಿಗೂ ಹೇಳಿದೆ. ಹೇಳಿ ಹೇಳಿ ದಣಿದಿದ್ದೇನೆ. ಆದರೂ ತಲೆಯೊಳಗೆ ಅದು ನಿಂತಿಲ್ಲ. ಪಾತ್ರೆ ತೊಳೆಯುತ್ತ ನಿಂತಾಗ, ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಾಗ, ಬಲಗೈ ತಾನಾಗಿಯೇ ಎದೆಯ ಎತ್ತರಕ್ಕೆ ಏಳುತ್ತದೆ. ಮುಂದೆ ಗೋಡೆಯೂ ಇರುವುದಿಲ್ಲ, ಗುಂಡಿಯೂ ಇರುವುದಿಲ್ಲ. ಪಕ್ಕದ ಸೀಟಿನವರು ಏನು ಬೇಕೆಂದು ಕೇಳುತ್ತಾರೆ. ಏನಿಲ್ಲ ಎನ್ನುತ್ತೇನೆ.

ನಾನು ಪುಣೆ ಜಿಲ್ಲೆಯ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೇನೆ. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಪುಣೆಯ ಹಡಪಸರಕ್ಕೆ ಬಂದ ವರ್ಷವೇ ಸೇರಿದ ಕೆಲಸ. ಬೆಳಗಿನ ಆರು ಗಂಟೆಗೆ ಗಾಡಿತಳ ಸ್ಟಾಪಿನಲ್ಲಿ ಕಂಪನಿ ಬಸ್ಸು ಹತ್ತಿದರೆ ಯವತ ದಾಟುವವರೆಗೂ ನಿದ್ದೆ. ನಮ್ಮಲ್ಲಿ ದೊಡ್ಡ ಉಕ್ಕಿನ ಹಂಡೆಗಳಿವೆ, ರಿಯಾಕ್ಟರ್ ಎನ್ನುತ್ತಾರೆ. ಅವುಗಳಲ್ಲಿ ಔಷಧಿಗೆ ಬೇಕಾದ ಒಂದು ಕಚ್ಚಾ ಪದಾರ್ಥ ತಯಾರಾಗುತ್ತದೆ. ಎರಡು ತಾಸಿಗೊಮ್ಮೆ ಅದರ ಸ್ಯಾಂಪಲ್ ನನ್ನ ಮೇಜಿಗೆ ಬರುತ್ತದೆ. ನೋಡಿ, ಅಳೆದು, ಸರಿ ಇದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಹಂಡೆಯ ಹೊರಮೈ ಸುತ್ತ ಸದಾ ತಣ್ಣೀರು ಹರಿಯುತ್ತಿರಬೇಕು. ನೀರು ನಿಂತರೆ ಒಳಗಿನ ಬಿಸಿ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತ ಹೋಗುತ್ತದೆ. ಅಂಥದ್ದು ಕಂಡವರು ಯಾರೇ ಆಗಲಿ, ಗೋಡೆಯ ಮೇಲಿನ ಕೆಂಪು ಗುಂಡಿ ಒತ್ತಬೇಕು. ಒತ್ತಿದರೆ ವಿದ್ಯುತ್ತು ಕಡಿದುಹೋಗುತ್ತದೆ, ಸೈರನ್ ಕೂಗುತ್ತದೆ, ಎಲ್ಲರೂ ಗೇಟಿನ ಬಳಿಯ ಬಯಲಿಗೆ ಓಡುತ್ತಾರೆ. ಹಂಡೆಯಲ್ಲಿದ್ದ ಮಾಲು ಹಾಳಾಗುತ್ತದೆ. ಆ ಸೈರನ್ನಿಗೆ ನಮ್ಮಲ್ಲಿ ಎಲ್ಲರೂ ಭೋಂಗಾ ಎನ್ನುತ್ತಾರೆ.

ಯಾರೇ ಆಗಲಿ ಒತ್ತಬೇಕು ಎಂದು ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆದಿದೆ. ನಾನು ಸೇರಿದ ಹೊಸದರಲ್ಲಿ ಒಬ್ಬ ಫಿಟ್ಟರ್ ಅದನ್ನು ನಂಬಿ ಒತ್ತಿದ. ಪೈಪಿನ ಸಂದಿಯಿಂದ ಬಿಳಿ ಹೊಗೆಯಂಥದ್ದು ಬರುತ್ತಿತ್ತು. ಆಮೇಲೆ ನೋಡಿದರೆ ಬರೀ ಉಗಿ. ಆಗಿನ ನಮ್ಮ ಮ್ಯಾನೇಜರರು ಮುಂಬಯಿಯವರು. ಎತ್ತರದ ಆಳು, ದನಿ ಏರಿಸದೆ ಮಾತಾಡುತ್ತಿದ್ದರು. ಅವರು ಫಿಟ್ಟರನಿಗೆ ಮೆಮೋ ಕೊಡಲಿಲ್ಲ, ಬೈಯಲೂ ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕ್ಯಾಂಟೀನಿನ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಹೋಗುವ ಪ್ರತಿಯೊಬ್ಬರಿಗೂ ‘ಮೈನೇ ದಬಾಯಾ’ ಎಂದು ಹೇಳಬೇಕು ಎಂದರು. ನಾನೇ ಒತ್ತಿದ್ದು, ನಾನೇ ಒತ್ತಿದ್ದು. ಎರಡು ಪಾಳಿಯ ಊಟ ಮುಗಿಯುವವರೆಗೆ ಆತ ಹೇಳುತ್ತ ನಿಂತ. ಕೆಲವರು ನಕ್ಕರು. ನಾನು ನಗಲಿಲ್ಲ, ಆದರೆ ಕಣ್ಣು ತಪ್ಪಿಸಿ ಒಳಗೆ ಹೋಗಿ ಅನ್ನ ಹಾಕಿಸಿಕೊಂಡೆ.

ಅಂದಿನಿಂದ ಆ ಸಾಹೇಬರು ಇರುವವರೆಗೆ ಭೋಂಗಾ ಕೂಗಲಿಲ್ಲ. ಒಮ್ಮೆ ಆಮ್ಲದ ಪಂಪು ಸೋರಿ ನೆಲವೆಲ್ಲ ಹರಿಯಿತು. ಅವರು ರೌಂಡಿಗೆ ಬರಲು ಇಪ್ಪತ್ತು ನಿಮಿಷವಿತ್ತು. ಸೋಡಾ ಸುರಿದು, ಮರಳು ಎರಚಿ, ನೀರು ಹೊಡೆದು ಅಷ್ಟರೊಳಗೆ ಒರೆಸಿ ಮುಗಿಸಿದೆವು. ನನ್ನ ಕಣ್ಣು ಕೆಂಪಾಗಿದ್ದನ್ನು ಕಂಡು ಏನಾಯಿತು ಎಂದರು. ನೆಗಡಿ ಎಂದೆ. ಅಪಘಾತವೇ ಇಲ್ಲದ ಕಾರ್ಖಾನೆ ಎಂದು ನಮಗೊಂದು ಫಲಕ ಬಂತು, ಅವರಿಗೆ ಮುಂಬಯಿ ಆಫೀಸಿಗೆ ಬಡ್ತಿ ಆಯಿತು. ಬೀಳ್ಕೊಡುವ ದಿನ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದೆವು. ಅವರು ಹೊರಗೆ ಹೋದ ಮೇಲೂ ಸ್ವಲ್ಪ ಹೊತ್ತು ಯಾರೂ ಕೂರಲಿಲ್ಲ.

ಅವರ ಜಾಗಕ್ಕೆ ಬಂದವರು ಹುಬ್ಬಳ್ಳಿ ಕಡೆಯವರು. ಬಂದ ಮೊದಲ ವಾರವೇ ಆ ಫಿಟ್ಟರನ ಕತೆ ಅವರ ಕಿವಿಗೆ ಬಿದ್ದಿರಬೇಕು. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಸರದಿಯಲ್ಲಿ ನಿಂತಿದ್ದವರು ಆತನನ್ನು ಕರೆದು, ಹೆಗಲ ಮೇಲೆ ಕೈ ಹಾಕಿ, ತಮ್ಮ ಮೇಜಿನಲ್ಲೇ ಕೂರಿಸಿಕೊಂಡು ಊಟ ಮಾಡಿದರು. ಮಾತೇನೂ ಆಡಲಿಲ್ಲ, ಇನ್ನೊಂದು ಚಪಾತಿ ಹಾಕಿಸಿದರು ಅಷ್ಟೆ. ಅಂದೇ ಇಡೀ ಕಾರ್ಖಾನೆ ಅವರದಾಯಿತು. ಯಾರ ಮನೆಯಲ್ಲಿ ಬಾಣಂತಿ, ಯಾರ ಅಪ್ಪನಿಗೆ ಸಕ್ಕರೆ ಕಾಯಿಲೆ, ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ನನಗೆ ತಂಗಿ ಎನ್ನುತ್ತಿದ್ದರು. ನನ್ನ ತಾಯಿ ತೀರಿಕೊಂಡಾಗ ಧಾರವಾಡದವರೆಗೆ ಬಂದು, ಜಮಖಾನದ ಮೇಲೆ ಅರ್ಧ ತಾಸು ಸುಮ್ಮನೆ ಕೂತು ಹೋದವರು.

ಅವರೇ ಪೇಢೆಯ ಪದ್ಧತಿ ತಂದದ್ದು. ಭೋಂಗಾ ಕೂಗದೆ ಒಂದು ತಿಂಗಳು ಕಳೆದರೆ, ಧಾರವಾಡದಿಂದ ಪೇಢೆ ತರಿಸಿ ಎಲ್ಲರ ಕೈಗೂ ತಾವೇ ಇಡುತ್ತಿದ್ದರು. ಗೇಟಿನ ಬಳಿ ಒಂದು ಕರಿಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಭೋಂಗಾ ಇಲ್ಲದ ದಿನಗಳ ಸಂಖ್ಯೆ. ನಾವು ಬಸ್ಸಿಳಿದು ಮೊದಲು ಅದನ್ನು ನೋಡುತ್ತಿದ್ದೆವು. ಒಂದು ಮಳೆಗಾಲ ಸಿಡಿಲಿಗೆ ಸೈರನ್ ತಾನಾಗಿ ಕೂಗಿ ಮಾಲು ಹೋಯಿತು. ಆ ಮಧ್ಯಾಹ್ನ ನಾನು ಕಾಗದಪತ್ರ ಹಿಡಿದು ಅವರ ಕೋಣೆಯ ಕಡೆ ಹೋದಾಗ, ಅವರು ಹೊರಗೆ ಕಾರಿಡಾರಿನಲ್ಲಿ ಫೋನ್ ಕಿವಿಗಿಟ್ಟು ಗೋಡೆಗೆ ಮುಖ ಮಾಡಿ ನಿಂತಿದ್ದರು. ‘ಸಾರಿ ಸರ್. ನೋ ಸರ್. ಸಾರಿ ಸರ್.’ ಕುತ್ತಿಗೆ ಬಗ್ಗಿತ್ತು. ಶರ್ಟಿನ ಬೆನ್ನು ಬೆವರಿನಿಂದ ಅಂಟಿತ್ತು. ನಾನು ಸದ್ದಿಲ್ಲದೆ ಹಿಂದಿರುಗಿದೆ. ಆದರೆ ಕಂಡದ್ದನ್ನು ಸಂಜೆಯ ಬಸ್ಸಿನಲ್ಲಿ ಹೇಳಿದೆ. ಯಾಕೆ ಹೇಳಿದೆನೋ. ಅಂದಿನಿಂದ ಯಾರೂ ಹೇಳಿಕೊಡದೆ ಒಂದು ರೂಢಿ ಬಂತು: ಮೊದಲು ಸಾಹೇಬರಿಗೆ ಫೋನ್, ಆಮೇಲೆ ಭೋಂಗಾ. ಅವರನ್ನು ಕೇಳದೆ ಒತ್ತಿ ಅವರಿಗೆ ಆ ಮಾತು ಕೇಳಿಸುವುದು ಬೇಡ ಎಂದು.

ಅವರು ಎಂದೂ ಹಾಗೆ ಮಾಡಿ ಎಂದಿರಲಿಲ್ಲ. ಇದನ್ನು ಇಲ್ಲೇ ಬರೆದುಬಿಡುತ್ತೇನೆ.

ಆ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೂರನೆಯ ರಿಯಾಕ್ಟರಿನ ಸ್ಯಾಂಪಲ್ ಬಂತು. ಒಣಹುಲ್ಲಿನ ಬಣ್ಣ ಇರಬೇಕಾದದ್ದು ಚಹದ ಬಣ್ಣಕ್ಕೆ ತಿರುಗಿತ್ತು. ಅಳೆಯುವ ಅಗತ್ಯವೇ ಇರಲಿಲ್ಲ. ಶೀಷೆಯನ್ನು ಮೇಜಿನ ಮೇಲಿಟ್ಟು ನಡೆದೆ. ಓಡಲಿಲ್ಲ. ಯಾಕೆ ಓಡಲಿಲ್ಲ ಎಂಬುದೂ ಈಗ ಸುತ್ತುವ ಪ್ರಶ್ನೆಗಳಲ್ಲಿ ಒಂದು.

ಮೂರನೆಯ ರಿಯಾಕ್ಟರು ನೋಡಿಕೊಳ್ಳುತ್ತಿದ್ದ ಆಪರೇಟರ್ ಅಕ್ಕಲಕೋಟೆಯ ಹತ್ತಿರದ ಹಳ್ಳಿಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮೂವತ್ತೈದರ ಆಸುಪಾಸು, ಎರಡು ಮಕ್ಕಳು. ಸಾಹೇಬರನ್ನು ಬಿಟ್ಟರೆ ಕಾರ್ಖಾನೆಯಲ್ಲಿ ನನ್ನೊಡನೆ ಕನ್ನಡ ಆಡುವವನು ಅವನೊಬ್ಬನೇ. ನಾನು ಹೋದಾಗ ಅವನು ನಟ್ಟು ಬಿಚ್ಚುವ ಪಾನಾ ಹಿಡಿದು, ತಣ್ಣೀರಿನ ಕೊಳವೆಗೆ ಒರಗಿಸಿದ್ದ ಏಣಿಯ ಬುಡದಲ್ಲಿ ನಿಂತಿದ್ದ.

“ನೀರು ಕಡಿಮಿ ಬರಾಕತ್ತೈತ್ರಿ ಅಕ್ಕಾರ,” ಎಂದ. “ಜಾಳಗ್ಯಾಗ ಕಸಾ ಕುಂತೈತಿ. ಐದ ಮಿಂಟ್ ಕೊಡ್ರಿ, ತಗದ ಬಿಡತೀನಿ.”

“ಡಿಗ್ರಿ ಎಷ್ಟದ, ನೋಡೀಯೇನು?”

“ನೋಡೀನ್ರಿ. ಅದೂ ಏರಾಕತ್ತೈತಿ, ನಾನೂ ಏರಾಕತ್ತೀನಿ.” ಅಷ್ಟು ಹೇಳಿ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ.

ತಾಪಮಾಪಕದ ಮುಳ್ಳು ನೋಡಿದೆ. ಕೆಂಪು ಗೆರೆಗೆ ಇನ್ನೂ ತುಸು ದೂರವಿತ್ತು, ಆದರೆ ಅದು ಚಲಿಸುವುದು ಕಣ್ಣಿಗೆ ಕಾಣುತ್ತಿತ್ತು. ಮುಳ್ಳು ಚಲಿಸುವುದು ಬರಿಗಣ್ಣಿಗೆ ಕಾಣಬಾರದು. ಗುಂಡಿ ನನ್ನ ಬಲಗಡೆಯ ಕಂಬದ ಮೇಲಿತ್ತು. ಕೈ ಎತ್ತಿ ಅಂಗೈಯನ್ನು ಅದರ ಮೇಲಿಟ್ಟೆ. ತಣ್ಣಗಿತ್ತು.

“ನಾ ಒತ್ತತೀನಿ.”

“ಏ ಅಕ್ಕಾರ, ಕೈ ತಗೀರಿ ಅಲ್ಲಿಂದ! ನಾಕ ದಿವಸ ಉಳದಾವ. ಪೇಢೆ ತಪ್ಪಿಸಿದ್ರ ನಾಳಿಗೆ ಮಂದಿ ನಿಮ್ಮನ್ನ ಬಸ್ ಹತ್ತಗೊಡಂಗಿಲ್ಲ.”

“ಪೇಢೆ ಹಾಳಾಗಿ ಹೋಗ್ಲಿ.”

“ಪೇಢೆ ಹೋಗ್ಲಿ ಬಿಡ್ರಿ. ಮ್ಯಾಲಿನವ್ರು ಮತ್ತ ಸಾಹೇಬ್ರಿಗೆ ಝಾಡಸ್ತಾರಲ್ಲ? ಪಾಪ, ಮೊನ್ನೆರ ಬೀಪಿ ಗುಳಗಿ ಚಾಲೂ ಮಾಡ್ಯಾರ. ಒಂದು ಫೋನ್ ಹಚ್ಚಿ ಕೇಳ್ರಿ. ಆಮ್ಯಾಲೆ ಒತ್ತೂಣು.”

ನಾನು ಗುಂಡಿಯ ಮೇಲಿಂದ ಕೈ ತೆಗೆದೆ. ಫೋನ್ ಹಿಡಿಯಲು ಅದೇ ಕೈ ಬೇಕಾಗಿತ್ತು.

ಸಾಹೇಬರು ಆಗ ಮೀಟಿಂಗಿನಲ್ಲಿದ್ದರು. ಮೊದಲ ಸಲ ಹಚ್ಚಿದಾಗ ಪೂರ್ತಿ ರಿಂಗಾಯಿತು. ಎರಡನೆಯ ಸಲವೂ ಆಯಿತು. ನಡುವೆ ಒಮ್ಮೆ ಮೇಲೆ ನೋಡಿದೆ. ಅವನು ಏಣಿಯ ತುದಿಯಲ್ಲಿ ಎರಡೂ ಕೈಯಿಂದ ಪಾನಾ ಜಗ್ಗುತ್ತ ಏನೋ ಗೊಣಗುತ್ತಿದ್ದ. ಮೂರನೆಯ ಸಲ ಹಚ್ಚಿದೆ. ಅದು ರಿಂಗಾಗುತ್ತಿದ್ದಾಗ ಹೊಸ ಕಾಟನ್ ಬಟ್ಟೆಯನ್ನು ಯಾರೋ ಉದ್ದಕ್ಕೆ ಹರಿದಂಥ ಸದ್ದು ಬಂತು. ರಿಯಾಕ್ಟರಿನ ತಲೆಯ ಮೇಲಿನ ಜೋಡಣೆ ಬಿಟ್ಟು ಕುದಿಯುವ ದ್ರವ ಚಿಮ್ಮಿತು. ಆಮೇಲೆ ಎಲ್ಲ ಬಿಳಿ.

ಆಗ ಒತ್ತಿದೆ. ಎರಡೂ ಕೈಯಿಂದ ಒತ್ತಿದೆ. ಒತ್ತಿ ಹಿಡಿದುಕೊಂಡೇ ನಿಂತಿದ್ದೆನಂತೆ, ಯಾರೋ ಬಂದು ಬೆರಳು ಬಿಡಿಸಿದರಂತೆ. ಅವನನ್ನು ಇಬ್ಬರು ಎಳೆದು ತಂದು ನೀರಿನ ಕೆಳಗೆ ನಿಲ್ಲಿಸಿದ್ದು ಮಾತ್ರ ನೆನಪಿದೆ. ಅವನ ಎರಡೂ ಕೈ, ಕುತ್ತಿಗೆಯ ಎಡಭಾಗ ಸುಟ್ಟಿತ್ತು. ಅವನು ಕೂಗುತ್ತಿರಲಿಲ್ಲ. ಕೈಗಳನ್ನು ಮುಂದೆ ಚಾಚಿ, ಯಾರದೋ ವಸ್ತುವನ್ನು ಹಿಡಿದುಕೊಂಡವನ ಹಾಗೆ ನಿಂತಿದ್ದ. ಬಯಲಿನಲ್ಲಿ ನಿಂತು ನೋಡಿದಾಗ ಕಟ್ಟಡದ ಮೇಲೆ ಬಿಳಿ ಆವಿ ಗುಡ್ಡದಂತೆ ಕೂತಿತ್ತು. ಅದಕ್ಕೊಂದು ಕಿಡಿ ಸಿಕ್ಕಿದ್ದರೆ ಯಾರೂ ಉಳಿಯುತ್ತಿರಲಿಲ್ಲ. ಸಿಗಲಿಲ್ಲ. ಅದಕ್ಕೆ ನಮ್ಮ ಜಾಣತನವೇನೂ ಕಾರಣವಲ್ಲ.

ನನ್ನ ಫೋನಿನಲ್ಲಿ ಮೂರು ಕರೆಗಳ ಸಮಯ ಉಳಿದಿದೆ. ಲ್ಯಾಬಿನಲ್ಲಿ ಸ್ಯಾಂಪಲ್ ತೆಗೆದುಕೊಂಡು ಸಹಿ ಹಾಕಿದ ಸಮಯವೂ ಇದೆ. ಅಲ್ಲಿಂದ ಭೋಂಗಾ ಕೂಗಿದ ಕ್ಷಣಕ್ಕೆ ಏಳು ನಿಮಿಷ.

ಆಮೇಲಿನ ಹದಿನೈದು ದಿನ ನನಗೆ ರಜೆ ಕೊಟ್ಟರು. ಮನೆಯಲ್ಲಿ ಮಾವನವರಿದ್ದಾರೆ. ಬೆಳಗಾವಿ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಟೀವಿಯಲ್ಲಿ ಯಾವ ಮಂತ್ರಿ ಕಂಡರೂ, ಇವನಿಗೆ ಮಂದಿ ಅಂಜತಾರೋ ಇಲ್ಲೋ ಎಂದು ತೂಗಿ ನೋಡುವುದು ಅವರ ಅಭ್ಯಾಸ. ಅಂಜಿಕೆ ಇಲ್ಲದೆ ಆಳ್ವಿಕೆ ಇಲ್ಲ ಎಂಬುದು ಅವರ ಸಿದ್ಧಾಂತ. ನಾನು ಸುಮ್ಮನೆ ಗೋಡೆ ನೋಡುತ್ತ ಕೂತದ್ದನ್ನು ನಾಲ್ಕು ದಿನ ನೋಡಿ, ಐದನೆಯ ದಿನ ತಾವೇ ಮಾತು ತೆಗೆದರು.

“ನಿಮ್ಮ ಸಾಹೇಬ ಭಾಳ ಮೆತ್ತಗಾಗಿದ್ದ ನೋಡವಾ. ಮುಂಚಿನಾಂವ ಇದ್ದಿದ್ರ ಹಿಂಗ ಆಗ್ತಿತ್ತೇನು?”

“ಅವರಿದ್ದಾಗೂ ಯಾರೂ ಒತ್ತತಿರಲಿಲ್ಲರಿ ಮಾವಾ.”

“ಒತ್ತೂ ಪ್ರಸಂಗನ ಬರ್ತಿರಲಿಲ್ಲ. ಅಂಜಿಕಿ ಅಂದ್ರ ಏನಂತ ತಿಳದೀ? ನಮ್ಮ ಸಾಲ್ಯಾಗ ನಾ ಒಳಗ ಬಂದ್ರ ಸೂಜಿ ಬಿದ್ರ ಕೇಳ್ತಿತ್ತು. ಒಮ್ಮೆ ಎಂಟನೇ ಕ್ಲಾಸಿನ ಒಬ್ಬಾಕಿ ಹುಡುಗಿ ಆಟಕ್ಕ ಬಿಟ್ಟಾಗ ಬಿದ್ದು ಕೈ ಮುರಕೊಂಡಿದ್ಲು. ಅದಾದ ಮ್ಯಾಲೆ ನನ್ನ ತಾಸಿತ್ತು. ಅಕೀ ಬಾಯಿ ಬಿಡಲಿಲ್ಲ ನೋಡು. ಸಾಲಿ ಬಿಡೂ ತನಕಾ ಹಂಗ ಕುಂತಿದ್ಲು, ಮುರದ ಕೈ ಹಿಡ್ಕೊಂಡು...”

ಈ ಕತೆಯನ್ನು ನಾನು ಮದುವೆಯಾಗಿ ಬಂದಾಗಿನಿಂದ ಕೇಳಿದ್ದೇನೆ. ಯಾವಾಗಲೂ ಇದಾದ ಮೇಲೆ ‘ಅದಕ್ಕ ಅಂತಾರ ಶಿಸ್ತು’ ಎಂಬ ಮಾತು ಬರುತ್ತಿತ್ತು. ಈ ಸಲ ಬರಲಿಲ್ಲ. ಮಾವನವರು ಅಲ್ಲಿಗೇ ನಿಂತು ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

“ಅಕೀ ಈಗ ಎಲ್ಲಿ ಅದಾಳೋ ಏನೋ,” ಎಂದರು.

ಆ ಭಾನುವಾರ ಸಾಹೇಬರು ಮನೆಗೆ ಬಂದರು. ಒಬ್ಬರೇ. ಕೈಯಲ್ಲಿ ಹಣ್ಣಿನ ಚೀಲ. ಕೆಲವೇ ದಿನಗಳಲ್ಲಿ ಹತ್ತು ವರ್ಷ ಹೆಚ್ಚಾದಂತೆ ಕಂಡರು. ಚಹ ಆರಿ ಕೆನೆಗಟ್ಟಿದರೂ ಮುಟ್ಟಲಿಲ್ಲ.

“ತಂಗೀ, ನಾ ಎಂದರೇ ಒತ್ತಬ್ಯಾಡ್ರಿ ಅಂದೀನೇನು?”

“ಇಲ್ರಿ ಸರ್.”

“ಮತ್ತ? ಸಮಿತಿಯವ್ರು ಏನ್ ಕೇಳಾಕತ್ತಾರ ಗೊತ್ತದೇನು? ಈ ಪೇಢೆ ಯಾಕ, ಈ ಹಲಗಿ ಯಾಕ ಅಂತ. ನಾ ಪ್ರೀತೀಲೆ ಮಾಡಿದ್ದು ಅದು.” ಹಣ್ಣಿನ ಚೀಲವನ್ನು ನನ್ನ ಕಡೆ ಸರಿಸಿದರು. “ರಿಟೈರ್ ಆಗಾಕ ಎರಡು ವರ್ಷ ಉಳದದ. ನೀ ಇಷ್ಟ ಹೇಳು. ಸಪ್ಪಳಾ ಕೇಳಿ ಬಂದೆ, ಬಂದ ಕೂಡ್ಲೆ ಒತ್ತಿದೆ. ನಿನಗೂ ತ್ರಾಸಿಲ್ಲ. ಫೋನ್ ಹಚ್ಚಿದ್ದು ಸ್ಯಾಂಪಲ್ ಸಲುವಾಗಿ ಅಂದ್ರಾತು.”

“ಮತ್ತ ಅವನ ಗತಿ?”

ರಿಯಾಕ್ಟರಿನ ಜವಾಬ್ದಾರಿ ಅವನದು, ಬಿಸಿ ಏರುವುದನ್ನು ಕಂಡೂ ಅವನು ಒತ್ತಲಿಲ್ಲ ಎಂದು ಸಮಿತಿಯವರು ಬರೆಯುತ್ತಾರೆ. ಬರೆದರೆ ಕೆಲಸ ಹೋಗುತ್ತದೆ. ಆಸ್ಪತ್ರೆಯ ಖರ್ಚನ್ನೂ ಕಂಪನಿ ಅಲ್ಲಿಗೇ ನಿಲ್ಲಿಸಬಹುದು. ಇದೆಲ್ಲ ಸಾಹೇಬರಿಗೆ ಗೊತ್ತಿತ್ತು, ಅವರೇ ಹೇಳಿದರು.

“ಅವನ್ನ ನಾ ಬಿಡತೀನೇನು ತಂಗೀ? ನನ್ನ ಮಗಾ ಇದ್ದಂಗ ಅವ. ಅವನ ಮನಿ ನಾ ನೋಡ್ಕೋತೀನಿ. ನಾ ಕುರ್ಚಿ ಮ್ಯಾಲಿದ್ರನ ನೋಡ್ಕೊಳ್ಳಾಕ ಆಗೂದು.”

ಅವರು ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ನೋಡಿಕೊಳ್ಳುತ್ತಿದ್ದರು. ಹೊರಡುವಾಗ ಮಾವನವರ ಕಾಲಿಗೆ ನಮಸ್ಕರಿಸಿದರು. ಬಾಗಿಲು ಹಾಕಿ ನಾನು ಅಲ್ಲೇ ನೆಲದ ಮೇಲೆ ಕೂತೆ. ಬಯ್ದಿದ್ದರೆ, ಹೆದರಿಸಿದ್ದರೆ ಸಿಟ್ಟಾದರೂ ಬರುತ್ತಿತ್ತು.

ವಿಚಾರಣೆ ನಡೆದದ್ದು ಬುಧವಾರ, ಕಾರ್ಖಾನೆಯ ಮೀಟಿಂಗ್ ಕೋಣೆಯಲ್ಲಿ. ಸಮಿತಿಯ ಮುಖ್ಯಸ್ಥರಾಗಿ ಮುಂಬಯಿಯಿಂದ ಬಂದವರು ನಮ್ಮ ಹಳೆಯ ಮ್ಯಾನೇಜರರು. ಕೂದಲು ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ಅವರ ಎಡಕ್ಕೆ ಇಬ್ಬರು ಅಧಿಕಾರಿಗಳು, ಬಲಕ್ಕೆ, ಸ್ವಲ್ಪ ಹಿಂದೆ ಸರಿದ ಕುರ್ಚಿಯಲ್ಲಿ, ನಮ್ಮ ಸಾಹೇಬರು. ಇಷ್ಟು ವರ್ಷವಾದರೂ ಆ ಮುಖ್ಯಸ್ಥರನ್ನು ಕಂಡರೆ ನನ್ನ ದೇಹಕ್ಕೆ ಏನನ್ನಾದರೂ ಮುಚ್ಚಿಡಬೇಕು ಎನಿಸುತ್ತದೆ. ಪಕ್ಕಕ್ಕೆ ತಿರುಗಿದರೆ ನಮ್ಮ ಸಾಹೇಬರ ಮುಖ. ಅದನ್ನು ಕಂಡರೆ ಬೇರೆಯೇ ಕಾರಣಕ್ಕೆ ಮುಚ್ಚಿಡಬೇಕು ಎನಿಸುತ್ತಿತ್ತು.

ಮುಖ್ಯಸ್ಥರು ಹಿಂದಿಯಲ್ಲಿ ಕೇಳಿದರು. ಮೊದಲು ಕಂಡವರು ಯಾರು? ಆಪರೇಟರನೇ ಅಲ್ಲವೇ?

“ಮೊದಲು ಕಂಡವಳು ನಾನು,” ಎಂದೆ. ಅವನು ಮುಳ್ಳು ನೋಡಿದ್ದ. ಆದರೆ ಒಳಗಿನದು ಬಣ್ಣ ತಿರುಗಿದ್ದು ನನಗೆ ಮಾತ್ರ ಗೊತ್ತಿತ್ತು. ಅದರ ಅರ್ಥ ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅಷ್ಟು ಓದಿದ್ದೇನೆ. ಹಾಗೆಂದೇ ಹೇಳಿದೆ. ಗುಂಡಿಯ ಮೇಲೆ ಕೈ ಇಟ್ಟಿದ್ದೆ ಎಂದೆ. ತೆಗೆದೆ ಎಂದೆ.

“ಯಾಕೆ ತೆಗೆದಿರಿ?”

“ಸಾಹೇಬರನ್ನು ಕೇಳಬೇಕಾಗಿತ್ತು.”

“ಕೇಳಬೇಕು ಎಂದು ಎಲ್ಲಿ ಬರೆದಿದೆ?”

“ಎಲ್ಲೂ ಇಲ್ಲ. ಯಾರೂ ಹೇಳಿಲ್ಲ. ಅವರಿಗೆ ಬೈಗುಳ ತಪ್ಪಿಸಬೇಕು ಅಂತ ನಾವೇ ಮಾಡಿಕೊಂಡದ್ದು. ನಾಲ್ಕು ದಿನ ಕಳೆದಿದ್ದರೆ ಪೇಢೆ ಹಂಚುತ್ತಿದ್ದರು.”

ಮುಖ್ಯಸ್ಥರು ಕುರ್ಚಿಗೆ ಒರಗಿದರು. ಅವರ ತುಟಿಯ ಮೇಲೆ ಒಂದು ಸಣ್ಣ ನಗೆ ಬಂತು. ಪಕ್ಕದವರಿಗೆ ಕೇಳುವಂತೆ, ಪೇಢೆ ಕೊಟ್ಟು ಕಾರ್ಖಾನೆ ನಡೆಸಿದರೆ ಇನ್ನೇನಾಗುತ್ತದೆ ಎಂದರು. ನನ್ನ ಕಾಲದಲ್ಲಿ ಇಂಥದ್ದೊಂದಾದರೂ ಆಗಿತ್ತೇ ಎಂದು ನನ್ನನ್ನೇ ಕೇಳಿದರು.

ನಾನು ಹೇಳಬೇಕೆಂದುಕೊಂಡು ಬಂದದ್ದು ಅಲ್ಲಿಗೆ ಮುಗಿದಿತ್ತು. ಆದರೆ ಆ ನಗು ನೋಡಿ ಸುಮ್ಮನಿರಲಾಗಲಿಲ್ಲ. ಆಮ್ಲ ಸೋರಿದ್ದು, ನಾವು ಒರೆಸಿದ್ದು, ನೆಗಡಿ ಎಂದದ್ದು, ಎಲ್ಲ ಹೇಳಿದೆ. ಇನ್ನೂ ಮೂರು ಪ್ರಸಂಗ ಹೇಳಿದೆ. “ನಿಮ್ಮ ಕಾಲದಲ್ಲೂ ಆಗುತ್ತಿತ್ತು ಸರ್. ನಿಮಗೆ ಗೊತ್ತಾಗುತ್ತಿರಲಿಲ್ಲ. ಇವರಿಗೂ ಗೊತ್ತಾಗುತ್ತಿರಲಿಲ್ಲ,” ಎಂದೆ. ಧೈರ್ಯದಿಂದ ಹೇಳಿದೆ ಎಂದು ಆಮೇಲೆ ಕೆಲವರು ಅಂದರು. ಧೈರ್ಯವಲ್ಲ, ಸಾಕಾಗಿತ್ತು.

ನಮ್ಮ ಸಾಹೇಬರು ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದರು.

ಪ್ರೀತಿಯೂ ಹೆದರಿಕೆಯೂ ಒಂದೇ ಎಂದು ನಾನು ಹೇಳಲಾರೆ. ಕ್ಯಾಂಟೀನಿನ ಬಾಗಿಲಲ್ಲಿ ನಿಲ್ಲಿಸಿದವರೂ, ಪಕ್ಕದಲ್ಲಿ ಕೂರಿಸಿಕೊಂಡು ಚಪಾತಿ ಹಾಕಿಸಿದವರೂ ಒಂದೇ ಅಲ್ಲ. ಆದರೆ ಅಂದು ಆಮ್ಲ ಒರೆಸುವಾಗಲೂ, ಈಗ ಗುಂಡಿಯ ಮೇಲೆ ಕೈಯಿಟ್ಟು ನಿಂತಾಗಲೂ ನಾನು ಯೋಚಿಸಿದ್ದು ಸಾಹೇಬರ ಮುಖವನ್ನು. ಮುಳ್ಳನ್ನಲ್ಲ, ಏಣಿಯ ಮೇಲಿದ್ದವನನ್ನಲ್ಲ. ನಮ್ಮಲ್ಲಿ ಗೌರವ ಎಂದರೆ ಎದ್ದು ನಿಲ್ಲುವುದು, ಎದುರು ಮಾತಾಡದಿರುವುದು. ಅದನ್ನು ಇಬ್ಬರಿಗೂ ಧಾರಾಳವಾಗಿ ಕೊಟ್ಟೆವು. ಅವರು ನಮಗೆ ಕೊಡಬೇಕಾದದ್ದೂ ಒಂದು ಇತ್ತೇನೋ. ಈಕೆ ಕಂಡದ್ದು ಸರಿ ಇರಬಹುದು ಎಂಬ ಒಂದು ನಂಬಿಕೆ. ತಪ್ಪಾದರೂ ಕಂಡದ್ದನ್ನು ಕಂಡೆ ಎನ್ನುವುದಕ್ಕೆ ಒಂದು ಜಾಗ. ಕೇಳಿ ಪಡೆಯಬೇಕೆಂದು ನಮಗೂ ಹೊಳೆದಿರಲಿಲ್ಲ. ಇದನ್ನು ದೊಡ್ಡ ಮಾತಾಗಿ ಬೆಳೆಸುವ ಶಕ್ತಿ ನನಗಿಲ್ಲ.

ಎರಡು ವಾರದ ಮೇಲೆ ತೀರ್ಪು ಬಂತು. ಆಪರೇಟರನೊಬ್ಬನ ತಪ್ಪಲ್ಲ ಎಂದು ಬರೆದಿದ್ದರು. ಅವನ ಕೆಲಸ ಉಳಿಯಿತು. ಕೈ ಸುಧಾರಿಸಿದ ಮೇಲೆ ಉಗ್ರಾಣಕ್ಕೆ ಹಾಕುವುದು, ಆಸ್ಪತ್ರೆಯ ಖರ್ಚು ಕಂಪನಿಯದು. ನನಗೆ ಎಚ್ಚರಿಕೆಯ ಪತ್ರ. ನಮ್ಮ ಸಾಹೇಬರು ತಾವಾಗಿ ರಾಜೀನಾಮೆ ಕೊಟ್ಟರು ಎಂದು ನೋಟೀಸು ಹಾಕಿದರು. ಹಳೆಯ ಮ್ಯಾನೇಜರರು ಮುಂಬಯಿಗೆ ಹಿಂತಿರುಗಿದರು. ಅವರ ಬಗ್ಗೆ ಆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಹಡಪಸರದ ಆಸ್ಪತ್ರೆಗೆ ಹೋದೆ. ಅವನ ಎರಡೂ ಕೈಗಳಿಗೆ ಮೊಣಕೈವರೆಗೆ ಬಿಳಿ ಪಟ್ಟಿ. ಹೆಂಡತಿ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಮೋಸಂಬಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದಳು. ಅವನು ಮುಖ ಕಿಟಕಿಗೆ ತಿರುಗಿಸಿದ. ಸುದ್ದಿ ಮುಟ್ಟಿತ್ತು.

“ನೌಕರಿ ಉಳೀತು,” ಎಂದೆ.

“ಕೇಳೀನ್ರಿ. ಸಾಹೇಬ್ರನ್ನ ಯಾಕ ಎಳದ್ರಿ ಇದ್ರಾಗ?” ಎಂದ.

“ನಾ ಎಳೀಲಿಲ್ಲ. ಆದದ್ದು ಹೇಳಿದೆ.”

“ನನ್ನ ತಲಿ ಮ್ಯಾಲ ಹಾಕಿದ್ರ ಮುಗೀತಿತ್ತಲ್ರಿ. ನಾ ಹೂಂ ಅಂತಿದ್ದೆ. ಆ ಮನಷ್ಯಾ ನನ್ನ ಮಗಳು ಹುಟ್ಟಿದಾಗ ಸ್ವತಃ ಗಾಡಿ ಹೊಡಕೊಂಡು ಬಂದು ದವಾಖಾನಿಗೆ ಬಿಟ್ಟಾನ. ಅಂಥಾವ್ನ ಹೊಟ್ಟಿ ಮ್ಯಾಲ ಹೊಡದ್ರಿ.”

“ನಿನ್ನ ನೌಕರಿ ಹೋಗ್ತಿತ್ತು.”

“ಹೋಗ್ಲಿ!”

“ಹೋಗ್ಲಿ ಅಂತ, ಹೋಗ್ಲಿ!” ಹೆಂಡತಿ ಮೋಸಂಬಿಯ ಸಿಪ್ಪೆಯನ್ನು ತಟ್ಟೆಗೆ ಎಸೆದಳು. “ಈ ಕೈ ಕಟಗೊಂಡು ಮನ್ಯಾಗ ಕುಂತ್ರ ನಿನ್ನ ಸಾಹೇಬ ಬಂದು ದಿನಾ ಉಣಸ್ತಾನೇನು? ಮಹಾ ರಾಜನ ಸೇನಾಪತಿ! ಬಾಯಿ ತಗಿ.” ಒಂದು ತೊಳೆ ಅವನ ಬಾಯಿಗೆ ತುರುಕಿದಳು. ಔಷಧಿಯ ಚೀಟಿ ಹಿಡಿದು ಕೆಳಗೆ ಹೋಗುವಾಗ, ಉಳಿದ ಹಣ್ಣನ್ನು ನನ್ನ ಕೈಗೆ ಕೊಟ್ಟಳು.

ನಾನು ಸ್ಟೂಲಿನಲ್ಲಿ ಕೂತು ಒಂದೊಂದೇ ತೊಳೆ ಬಿಡಿಸಿ ಅವನ ಬಾಯಿಗಿಟ್ಟೆ. ಅವನು ನನ್ನತ್ತ ನೋಡದೆ ಜಗಿದ. ಬೀಜವನ್ನು ನನ್ನ ಅಂಗೈಗೇ ಉಗುಳಬೇಕಾಗಿ ಬಂದಾಗ ಅವನಿಗೆ ನಾಚಿಕೆಯಾಯಿತು. ಇರಲಿ ಎಂದೆ. ಹೊರಗೆ ಸೋಲಾಪುರ ರಸ್ತೆಯ ಹಾರ್ನುಗಳು.

“ಒಂದು ಕೇಳ್ಲೇನ್ರಿ?” ಎಂದ. “ನಿಮ್ಮ ಕೈ ಗುಂಡಿ ಮ್ಯಾಲಿತ್ತಲ್ಲ. ನಾ ತಗೀರಿ ಅನ್ನದಿದ್ರ ಒತ್ತತಿದ್ರೇನು?”

ಯಾವ ಸಮಿತಿಯೂ ಇದನ್ನು ಕೇಳಿರಲಿಲ್ಲ. ಒತ್ತುತ್ತಿದ್ದೆ ಎಂದರೆ ತಪ್ಪೆಲ್ಲ ಅವನ ಮಾತಿನದಾಗುತ್ತಿತ್ತು. ಇಲ್ಲ ಎಂದರೆ ಅವನಿಗೆ ಹಗುರಾಗುತ್ತಿತ್ತೇನೋ. ಆದರೆ ಹಗುರಾಗಲಿ ಎಂದು ಹೇಳಿದ ಮಾತು ನಿಜವೇ ಆಗಿರುತ್ತಿತ್ತೇ? ಕಂಬ, ಗುಂಡಿ, ಅಂಗೈಗೆ ತಾಗಿದ ತಂಪು, ಎಲ್ಲವನ್ನೂ ಮತ್ತೊಮ್ಮೆ ಕಣ್ಣ ಮುಂದೆ ತಂದುಕೊಂಡೆ. ಕೈ ಅಲ್ಲೇ ಇತ್ತು, ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

“ಗೊತ್ತಿಲ್ಲಪಾ,” ಎಂದೆ.

ಅವನು ಮೊದಲ ಸಲ ನನ್ನ ಮುಖ ನೋಡಿದ. ತಲೆಯಾಡಿಸಿದ. ಆಮೇಲೆ ಇನ್ನೊಂದು ತೊಳೆಗೆ ಬಾಯಿ ತೆರೆದ.